ಮನೆ ಮರಳಿ ಬಂತು, ಹಕ್ಕುಪತ್ರದಲ್ಲಿ ಹೆಂಡತಿ ಹೆಸರಿಲ್ಲ: ಎಲ್ಲಿ ತಪ್ಪಿತು?

ಭೂಕಂಪ, ಯುದ್ಧ ಮುಗಿದ ಮೇಲೆ ಮನೆ-ಜಮೀನು ಮರಳಿ ಕೊಡುವಾಗ, ಕಾನೂನಿನಲ್ಲಿ ಸಮಪಾಲಿದ್ದರೂ ಹೆಂಗಸರ ಹೆಸರು ಯಾಕೆ ಬಿಟ್ಟುಹೋಗುತ್ತದೆ, ಸಮೀಕ್ಷೆಗೆ ಹೋಗುವವರು ಏನು ಮಾಡಬಹುದು ಎಂದು ಕೇಳಿದ್ದೀರಿ.

ಬಹುತೇಕ ಸಲ ತಪ್ಪುವುದು ಮೊದಲ ವಾರದ ನಷ್ಟ ಸಮೀಕ್ಷೆಯಲ್ಲೇ. ಫಾರಂನಲ್ಲಿ ‘ಕುಟುಂಬದ ಯಜಮಾನ’ ಅಂತ ಒಂದೇ ಗೆರೆ ಇರುತ್ತದೆ. ಅಲ್ಲಿ ಬರೆದ ಹೆಸರೇ ಪರಿಹಾರದ ಪಟ್ಟಿಗೆ, ಬ್ಯಾಂಕ್ ಖಾತೆಗೆ, ಮನೆ ಒಪ್ಪಂದಕ್ಕೆ, ಕೊನೆಗೆ ಹಕ್ಕುಪತ್ರಕ್ಕೆ ನಕಲಾಗುತ್ತ ಹೋಗುತ್ತದೆ. ಆಮೇಲೆ ತಿದ್ದಿಸಬೇಕೆಂದರೆ ಗಂಡನ ಅಥವಾ ಮೈದುನರ ಸಹಿ ಬೇಕು. ಆ ಸಹಿ ಸಿಗುವ ಹಾಗಿದ್ದರೆ ತಕರಾರೇ ಇರುತ್ತಿರಲಿಲ್ಲ! ಹಾಗಾಗಿ ಎರಡು ಹೆಸರಿನ ಗೆರೆ, ಎರಡು ಗುರುತಿನ ಸಂಖ್ಯೆ, ಎರಡು ಹೆಬ್ಬೆಟ್ಟಿನ ಜಾಗ ಇಡಿ. ಮನೆಯಲ್ಲಿ ವಾಸವಿದ್ದ ಅವಿವಾಹಿತ ಮಗಳು, ವಿಧವೆ ಸೊಸೆಯರಿಗೆ ಮೂರನೇ ಗೆರೆ.

ಎರಡನೇ ಅಡ್ಡಿ ಕಾಗದ. 2015ರ ಭೂಕಂಪದ ನಂತರ ನೇಪಾಳ ಮನೆಗೆ ಮೂರು ಲಕ್ಷ ನೇಪಾಳಿ ರೂಪಾಯಿಯನ್ನು ಮೂರು ಕಂತಿನಲ್ಲಿ ಕೊಟ್ಟಿತು. ಅದಕ್ಕೆ ಭೂ ಒಡೆತನದ ದಾಖಲೆ ಕೇಳಿತು. ಜಮೀನು ಮಾವನ ಹೆಸರಲ್ಲಿದ್ದ ವಿಧವೆಯರು ಅಲ್ಲೇ ಸಿಕ್ಕಿಕೊಂಡರು. ಗಂಡ-ಹೆಂಡತಿ ಜಂಟಿ ನೋಂದಣಿಗೆ ಅಲ್ಲಿ ನೂರೇ ರೂಪಾಯಿ ಶುಲ್ಕ, ಆದರೆ ಗಂಡನ ಒಪ್ಪಿಗೆ ಇದ್ದರೆ ಮಾತ್ರ. ನರಮೇಧ ಕಂಡ ರುವಾಂಡಾದಲ್ಲಿ 1999ರ ಕಾನೂನು ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು. ಆದರೂ ಮದುವೆ ನೋಂದಾಯಿಸಿಕೊಳ್ಳದೆ ಬಾಳುತ್ತಿದ್ದ ಹೆಂಡತಿಯರು ರಕ್ಷಣೆಯಿಂದ ಹೊರಗುಳಿದರು.

ಕೊಲಂಬಿಯಾದಲ್ಲಿ ಅಂತರ್ಯುದ್ಧದ ಸಂತ್ರಸ್ತರಿಗಾಗಿ 2011ರಲ್ಲಿ ಮಾಡಿದ ಕಾನೂನು (1448ನೇ ಸಂಖ್ಯೆ) ಇದನ್ನು ಬೇರೆ ಕಡೆಯಿಂದ ಹಿಡಿಯಿತು. ಊರು ಬಿಡುವ ಹೊತ್ತಿನಲ್ಲಿ ಜೊತೆಗಿದ್ದ ಸಂಗಾತಿಯ ಹೆಸರನ್ನೂ, ಆಕೆ ಪ್ರಕರಣದಲ್ಲಿ ಹಾಜರಾಗದಿದ್ದರೂ, ಹಕ್ಕುಪತ್ರದಲ್ಲಿ ಸೇರಿಸಬೇಕು ಎನ್ನುತ್ತದೆ ಅದರ 118ನೇ ವಿಧಿ. ನನ್ನ ಪ್ರಕಾರ ಇದೇ ಸರಿಯಾದ ದಾರಿ: ಕೇಳಿದರೆ ಸೇರಿಸುವುದಲ್ಲ, ಸೇರಿಸಿಯೇ ಶುರುಮಾಡುವುದು.

ಗಂಡ ಕಾಣೆಯಾಗಿದ್ದರೆ ಇನ್ನೂ ಕಷ್ಟ. ಮರಣಪತ್ರವಿಲ್ಲದೆ ವಾರಸು ಇಲ್ಲ, ಸತ್ತನೆಂದು ಬರೆದುಕೊಡಲು ಹೆಂಡತಿಗೆ ಮನಸ್ಸಿಲ್ಲ. ಶ್ರೀಲಂಕಾ 2016ರಲ್ಲಿ, ಸತ್ತರೆಂದು ಬರೆಸಿಕೊಳ್ಳದೆಯೇ, ಕಾಣೆಯಾದವರ ಕುಟುಂಬಕ್ಕೆ ‘ಗೈರುಹಾಜರಿ ಪ್ರಮಾಣಪತ್ರ’ ಕೊಡುವ ಕಾನೂನು ಮಾಡಿತು.

ದಾಖಲೆಯೇ ಕೊಚ್ಚಿಹೋಗಿದ್ದರೆ? 2004ರ ಸುನಾಮಿಯ ನಂತರ ಇಂಡೋನೇಷ್ಯಾದ ಅಚೆಯಲ್ಲಿ ಬದುಕುಳಿದ ನೆರೆಹೊರೆಯವರೇ ಗಡಿ ತೋರಿಸಿ ಸಹಿ ಹಾಕಿದರು. ಇಲ್ಲಿ ಒಂದು ಸೂಕ್ಷ್ಮವಿದೆ. ಚಕ್ಕುಬಂದಿ (ಜಾಗದ ನಾಲ್ಕೂ ಕಡೆಯ ಗಡಿ) ನೋಡುವಾಗ ಗಂಡಸರು ಮುಂದೆ ನಡೆದರೆ, ಹೆಂಗಸರು ಹಿಂದೆ ನಿಂತು ತಲೆಯಾಡಿಸುತ್ತಾರೆ, ಅಷ್ಟೆ. ಹೆಂಗಸರನ್ನು ಬೇರೆಯಾಗಿ ಕರೆದುಕೊಂಡು ಹೋಗಿ ಕೇಳಿ: ಬಾವಿ ಎಲ್ಲಿತ್ತು, ಒಲೆ ಯಾವ ಮೂಲೆಗಿತ್ತು, ಬೇಲಿಯ ಆಚೆ ಯಾರ ಬಚ್ಚಲು? ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ನಾಲ್ಕೂ ಕಡೆಯ ಸಾಕ್ಷಿಗಳಲ್ಲಿ ಒಬ್ಬರಾದರೂ ಗಂಡನ ಸಂಬಂಧಿಕರಲ್ಲದವರು ಇರಲಿ.

ಹೆಸರುಗಳ ಪಟ್ಟಿಗೆ ಆಕ್ಷೇಪಣೆ ಕೇಳುವ ನೋಟಿಸನ್ನು ಕಚೇರಿ ಬಾಗಿಲಿಗಷ್ಟೇ ಅಂಟಿಸಬೇಡಿ. ತಾತ್ಕಾಲಿಕ ಶೆಡ್ಡುಗಳ ನೀರಿನ ನಲ್ಲಿ ಬಳಿ ಅಂಟಿಸಿ, ಓದಿ ಹೇಳಲು ಒಬ್ಬರನ್ನು ಅಲ್ಲಿ ಕೂರಿಸಿ. ಮೊದಲ ಕಂತಿನ ಹಣ ಬಿಡುವ ಮುಂಚೆಯೇ ಆಕ್ಷೇಪಣೆಯ ಗಡುವು ಮುಗಿದಿರಲಿ. ಪಾಯ ತೋಡಿದ ಮೇಲೆ ಬಂದ ತಕರಾರಿಗೆ ಯಾವ ಅಧಿಕಾರಿಯೂ ಕೆಲಸ ನಿಲ್ಲಿಸುವುದಿಲ್ಲ.