ಪಾಸ್‌ಪೋರ್ಟ್ ಮೊದಲು ಕೈಗೆ ಬರಲಿ, ಪಾತ್ರದ ಮಾತು ಆಮೇಲೆ

ಪ್ರಶ್ನೆ: ನನಗೆ 29 ವರ್ಷ. ರಂಗಭೂಮಿಯಿಂದ ಬಂದವಳು. ಮೊಬೈಲಿನಲ್ಲಿ ಶೂಟ್ ಮಾಡಿ ಕಳಿಸಿದ ಆಡಿಷನ್ ನೋಡಿ ಒಂದು ಬ್ರಿಟಿಷ್ ಚಿತ್ರಕ್ಕೆ ಆಯ್ಕೆ ಮಾಡಿದರು. ಏಜೆಂಟ್ ಯಾರೂ ಇಲ್ಲ. ಈಗ ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ಶೂಟಿಂಗ್ ನಡೆಯುತ್ತಿದೆ. ಮೊದಮೊದಲು ಎಲ್ಲ ಚೆನ್ನಾಗಿತ್ತು. ಆಮೇಲೆ ನಿರ್ಮಾಪಕರ ಜೊತೆ ಜಗಳವಾಗಿ ನಿರ್ದೇಶಕರು ಹೊರಟುಹೋದರು, ಹೊಸಬರು ಬಂದರು. ಸಂಭಾವನೆಯ ಎರಡು ಕಂತು ಬಂದಿಲ್ಲ. ರಾತ್ರಿ ಹೊತ್ತು ಹೊಸ ಸೀನ್ ಕಳಿಸಿ ಬೆಳಿಗ್ಗೆ ಮಾಡು ಅಂತಾರೆ. ಮೊದಲ ಸ್ಕ್ರಿಪ್ಟಿನಲ್ಲಿ ಇಲ್ಲದ ಒಂದು ಇಂಟಿಮೇಟ್ ದೃಶ್ಯವನ್ನೂ ಈಗ ಸೇರಿಸಿದ್ದಾರೆ. ವೀಸಾ ಕೆಲಸಕ್ಕೆ ಅಂತ ಇಸ್ಕೊಂಡ ಪಾಸ್‌ಪೋರ್ಟ್ ಇನ್ನೂ ಅವರ ಆಫೀಸಿನಲ್ಲೇ ಇದೆ. ಕೇಳಿದರೆ, 'ನಾವೆಲ್ಲ ಒಂದೇ ಕುಟುಂಬ, ತಾಳ್ಮೆ ಇರಲಿ. ಬಿಟ್ಟು ಹೋದರೆ ವೀಸಾ ರದ್ದಾಗುತ್ತೆ, ನಿನ್ನ ಹೆಸರೂ ಹಾಳಾಗುತ್ತೆ' ಅನ್ನುತ್ತಾರೆ. ಮನೆಯಲ್ಲಿ ಯಾರಿಗೂ, ಅಕ್ಕನಿಗೂ, ಏನೂ ಹೇಳಿಲ್ಲ. ಇದ್ದು ಮುಗಿಸಲೇ, ಬಿಟ್ಟು ಬರಲೇ?

ಉತ್ತರ: ನಿಮ್ಮ ಪತ್ರದಲ್ಲಿ ಪಾಸ್‌ಪೋರ್ಟಿನ ವಿಷಯ ಒಂದೇ ಸಾಲಿನಲ್ಲಿ ಬಂದುಹೋಗಿದೆ. ನಾನು ಅಲ್ಲೇ ನಿಂತುಬಿಟ್ಟೆ. ಇರುವುದೋ ಬರುವುದೋ ಅನ್ನೋದನ್ನು ಆಮೇಲೆ ನೋಡೋಣ. ಪಾಸ್‌ಪೋರ್ಟ್ ಇನ್ನೊಬ್ಬರ ಬೀರುವಿನಲ್ಲಿ ಇರುವವರೆಗೆ ನೀವು ಏನು ತೀರ್ಮಾನ ಮಾಡಿದರೂ ಅದು ನಿಮ್ಮದಾಗುವುದಿಲ್ಲ, ಅಲ್ವಾ?

ಸಿನಿಮಾ ಅಂದಮೇಲೆ ಕಷ್ಟ ಇದ್ದದ್ದೇ. ನಿರ್ದೇಶಕರು ಬದಲಾಗುತ್ತಾರೆ, ಹಣ ಹಾಕುವವರು ಅರ್ಧಕ್ಕೆ ಕೈ ಎತ್ತುತ್ತಾರೆ. ಸ್ಕ್ರಿಪ್ಟ್ ತಿದ್ದುವುದಂತೂ ಅಲ್ಲಿ ಎಷ್ಟು ಮಾಮೂಲು ಅಂದರೆ, ತಿದ್ದಿದ ಪುಟಗಳಿಗೆ ನೀಲಿ, ಗುಲಾಬಿ, ಹಳದಿ ಅಂತ ಒಂದೊಂದು ಸಲಕ್ಕೆ ಒಂದೊಂದು ಬಣ್ಣದ ಕಾಗದ ಬಳಸುವ ಪದ್ಧತಿಯೇ ಇದೆ. ಇದನ್ನೆಲ್ಲ ಸಹಿಸಿಕೊಳ್ಳಬಹುದು. ನಿರ್ಮಾಪಕರು ನಿಜವಾಗಿಯೂ ದುಡ್ಡಿಲ್ಲದೆ ಒದ್ದಾಡುತ್ತಿರಬಹುದು, ಪಾಪ. ಆದರೆ ಪಾಸ್‌ಪೋರ್ಟ್ ಇಟ್ಟುಕೊಳ್ಳುವುದಕ್ಕೂ ಹೆದರಿಸುವುದಕ್ಕೂ ದುಡ್ಡಿನ ಕಷ್ಟಕ್ಕೂ ಏನೂ ಸಂಬಂಧವಿಲ್ಲ. ಮೊದಲನೆಯದು ಸಿನಿಮಾದ ತಾಪತ್ರಯ. ಎರಡನೆಯದು ನಿಮಗೆ ಮಾಡುತ್ತಿರುವ ಅನ್ಯಾಯ. ನಿಮ್ಮ ಪತ್ರದಲ್ಲಿ ಇವೆರಡೂ ಕಲಸಿಹೋಗಿವೆ. ಕಲಸಿಟ್ಟಿರುವುದು ಅವರೇ, 'ಒಂದೇ ಕುಟುಂಬ' ಅನ್ನುವ ಮಾತಿನಿಂದ.

ಭಾರತದ ಪಾಸ್‌ಪೋರ್ಟ್ ಭಾರತ ಸರ್ಕಾರದ ಸ್ವತ್ತು. ಅದನ್ನು ಇಟ್ಟುಕೊಳ್ಳುವ ಅಧಿಕಾರ ಯಾವ ಕಂಪನಿಗೂ ಇಲ್ಲ. ಕೆಲಸಗಾರರ ಪಾಸ್‌ಪೋರ್ಟ್ ತೆಗೆದಿಟ್ಟುಕೊಳ್ಳುವುದನ್ನು ಬ್ರಿಟನ್ನಿನಲ್ಲಿ ಜೀತದ ಲಕ್ಷಣಗಳಲ್ಲಿ ಒಂದು ಅಂತ ನೋಡುತ್ತಾರೆ. ನಿಮ್ಮ ಪರಿಸ್ಥಿತಿ ಅಷ್ಟು ದೂರ ಹೋಗಿದೆ ಅಂತ ನಾನು ಹೇಳುತ್ತಿಲ್ಲ. ಕಾನೂನು ಯಾರ ಕಡೆ ಇದೆ ಅಂತ ನಿಮಗೆ ಗೊತ್ತಿರಲಿ, ಅಷ್ಟೇ. ಪ್ರೊಡಕ್ಷನ್ ಆಫೀಸಿಗೆ ಒಂದು ಮೇಲ್ ಬರೆಯಿರಿ. ಸಿಟ್ಟು ಬೇಡ, ವಿವರಣೆ ಬೇಡ. 'ನನ್ನ ಪಾಸ್‌ಪೋರ್ಟ್ ನಿಮ್ಮಲ್ಲಿದೆ. ನಾಳೆ ಮಧ್ಯಾಹ್ನದೊಳಗೆ ಅದು ನನ್ನ ಕೈಗೆ ಬರಬೇಕು. ಯಾರ ಹತ್ತಿರ ಇಸ್ಕೊಳ್ಳಬೇಕು, ತಿಳಿಸಿ.' ಇಷ್ಟು ಸಾಕು. ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ಸಾಕ್ಷಿ ಇರುವುದಿಲ್ಲ, ಮೇಲ್ ಇರುತ್ತದೆ. ಕೊಡದಿದ್ದರೆ ಭಾರತದ ಕಾನ್ಸುಲೇಟಿಗೆ ಫೋನ್ ಮಾಡಿ. ಲಂಡನ್ನಿನ ಹೈಕಮಿಷನ್ನಿಗೇ ಹೋಗಬೇಕಾಗಿಲ್ಲ, 2025ರಲ್ಲಿ ಮ್ಯಾಂಚೆಸ್ಟರ್‌ನಲ್ಲೂ ಕಚೇರಿ ತೆರೆದಿದ್ದಾರೆ. ಯಾರ್ಕ್‌ಷೈರ್‌ಗೆ ಅದೇ ಹತ್ತಿರ. ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲೂ ದೂರು ಕೊಡಬಹುದು.

ಇನ್ನು ವೀಸಾ ಬೆದರಿಕೆ. ವೀಸಾ ಕೊಡುವುದು, ತೆಗೆಯುವುದು ಅಲ್ಲಿನ ಗೃಹ ಇಲಾಖೆ, ಅಂದರೆ ಹೋಮ್ ಆಫೀಸ್. ನಿಮ್ಮಂಥ ಕಲಾವಿದರು ಸಾಮಾನ್ಯವಾಗಿ ಹೋಗುವುದು ಕ್ರಿಯೇಟಿವ್ ವರ್ಕರ್ ವೀಸಾದಲ್ಲಿ, ಕಂಪನಿ ಅದಕ್ಕೆ ಪ್ರಾಯೋಜಕ. ನೀವು ಕೆಲಸ ಬಿಟ್ಟರೆ ಕಂಪನಿ ಅದನ್ನು ಹೋಮ್ ಆಫೀಸಿಗೆ ತಿಳಿಸಲೇಬೇಕು, ಅದು ನಿಯಮ. ಹಾಗಂತ ಮಾರನೇ ದಿನ ಪೊಲೀಸರು ಬಂದು ಬಾಗಿಲು ಬಡಿಯುವುದಿಲ್ಲ. ಇಲಾಖೆ ನಿಮಗೆ ಪತ್ರ ಬರೆದು ಸಾಮಾನ್ಯವಾಗಿ 60 ದಿನ ಕೊಡುತ್ತದೆ. ವೀಸಾ ಅವಧಿ ಅದಕ್ಕಿಂತ ಕಡಿಮೆ ಉಳಿದಿದ್ದರೆ ಅಷ್ಟು ದಿನ. ಅಷ್ಟರಲ್ಲಿ ಹೊಸ ಪ್ರಾಯೋಜಕರು ಸಿಕ್ಕರೆ ಹೊಸದಾಗಿ ಅರ್ಜಿ ಹಾಕಬಹುದು, ಇಲ್ಲದಿದ್ದರೆ ವಾಪಸ್ ಬರಬಹುದು. ಈಗ ಅಲ್ಲಿನ ಕೆಲಸದ ವೀಸಾ ಬಹುಪಾಲು ಇ-ವೀಸಾ, ಅಂದರೆ ಪಾಸ್‌ಪೋರ್ಟಿನಲ್ಲಿ ಅಂಟಿಸುವುದಲ್ಲ, ಆನ್‌ಲೈನ್ ದಾಖಲೆ. ನಿಮ್ಮ ಆನ್‌ಲೈನ್ ಖಾತೆ ತೆರೆದು ಎಲ್ಲಿಯವರೆಗೆ ಇದೆ, ಯಾವ ಷರತ್ತು ಇದೆ ಅಂತ ನೀವೇ ಓದಿಕೊಳ್ಳಿ. ಹಾಗಿರುವಾಗ ವೀಸಾ ಕೆಲಸಕ್ಕೆ ಅಂತ ವಾರಗಟ್ಟಲೆ ಪಾಸ್‌ಪೋರ್ಟ್ ಇಟ್ಟುಕೊಳ್ಳುವುದಕ್ಕೆ ನನಗಂತೂ ಯಾವ ಕಾರಣವೂ ಕಾಣುವುದಿಲ್ಲ.

ಆ ದೃಶ್ಯದ ಬಗ್ಗೆ ನೀವು ಸಂಕೋಚದಿಂದ ಬರೆದಿದ್ದೀರಿ, 'ನಾನೇ ಜಾಸ್ತಿ ಮಾಡ್ತಿದ್ದೀನಾ' ಅನ್ನುವ ಹಾಗೆ. ಇಲ್ಲ, ಜಾಸ್ತಿ ಮಾಡುತ್ತಿಲ್ಲ. ಮರಿಯಾ ಶ್ನೈಡರ್ ಅಂತ ಫ್ರೆಂಚ್ ನಟಿ ಇದ್ದರು. ಹತ್ತೊಂಬತ್ತನೇ ವಯಸ್ಸಿನಲ್ಲಿ ಇಟಲಿಯ ಹೆಸರಾಂತ ನಿರ್ದೇಶಕರೊಬ್ಬರ ಚಿತ್ರದಲ್ಲಿ, ಸ್ಕ್ರಿಪ್ಟಿನಲ್ಲಿ ಇಲ್ಲದ ಒಂದು ದೃಶ್ಯವನ್ನು ಅವರ ಮೇಲೆ ಹೇರಿದರು. ಎಷ್ಟೋ ವರ್ಷಗಳ ನಂತರ, 2007ರಲ್ಲಿ, ಅವರು ಹೇಳಿಕೊಂಡರು: ಅವತ್ತು ನಾನು ಏಜೆಂಟ್‌ನನ್ನೋ ವಕೀಲರನ್ನೋ ಕರೆಸಬೇಕಿತ್ತು, ಸ್ಕ್ರಿಪ್ಟಿನಲ್ಲಿ ಇಲ್ಲದ್ದನ್ನು ಯಾರೂ ಬಲವಂತವಾಗಿ ಮಾಡಿಸುವಂತಿಲ್ಲ, ಆದರೆ ಅದು ನನಗೆ ಆಗ ಗೊತ್ತಿರಲಿಲ್ಲ ಅಂತ. ಆ ಹುಡುಗಿಗೆ ಗೊತ್ತಿಲ್ಲದೇ ಇದ್ದದ್ದು ನಿಮಗೆ ಇವತ್ತು ಗೊತ್ತಾಗಿದೆ. ಇಂಥ ದೃಶ್ಯಕ್ಕೆ ಕಲಾವಿದೆಯ ಲಿಖಿತ ಒಪ್ಪಿಗೆ ಮೊದಲೇ ಪಡೆಯುವುದು, ಸೆಟ್ಟಿನಲ್ಲಿ ಅಗತ್ಯವಿರುವವರು ಮಾತ್ರ ಇರುವುದು, ಇಂಥ ದೃಶ್ಯಗಳಲ್ಲಿ ಕಲಾವಿದರ ಒಪ್ಪಿಗೆಯ ಮಿತಿ ಕಾಯುವ ಇಂಟಿಮಸಿ ಕೋಆರ್ಡಿನೇಟರ್ ಜೊತೆಗೆ ನಿಲ್ಲುವುದು ಬ್ರಿಟನ್ನಿನಲ್ಲಿ ಈಗ ರೂಢಿಯಲ್ಲಿದೆ. 'ಈ ದೃಶ್ಯಕ್ಕೆ ನಾನು ಒಪ್ಪಿಗೆ ಕೊಟ್ಟಿಲ್ಲ, ಇದನ್ನು ಮಾಡುವುದಿಲ್ಲ' ಅಂತ ಬರೆದು ಕಳಿಸಿ. ಎಲ್ಲ ವ್ಯವಸ್ಥೆ ಮಾಡಿಕೊಟ್ಟರೆ ಮಾಡಲು ನಿಮಗೇ ಮನಸ್ಸಿದೆ ಅಂದರೆ ಅದು ಬೇರೆ ಮಾತು. ಹೆದರಿಕೊಂಡು ಮಾತ್ರ ಮಾಡಬೇಡಿ. ಒಮ್ಮೆ ಶೂಟ್ ಆದದ್ದರ ಮೇಲೆ ಆಮೇಲೆ ನಿಮ್ಮ ಹಿಡಿತ ಇರುವುದಿಲ್ಲ.

ದುಡ್ಡಿನ ವಿಷಯದಲ್ಲಿ ತಡ ಮಾಡಬಾರದು. ಕಾಂಟ್ರಾಕ್ಟ್ ತೆಗೆದು ಸಹಿ ಹಾಕಿರುವ ಕಂಪನಿಯ ಹೆಸರು ನೋಡಿ. ಅಲ್ಲಿ ಬಹಳ ಸಲ ಒಂದು ಚಿತ್ರಕ್ಕೆ ಅಂತಲೇ ಒಂದು ಕಂಪನಿ ಹುಟ್ಟುಹಾಕುತ್ತಾರೆ. ನಿಮಗೆ ದುಡ್ಡು ಕೊಡಬೇಕಾದದ್ದು ಬಣ್ಣಬಣ್ಣದ ಲೋಗೋ ಇರುವ ದೊಡ್ಡ ಸಂಸ್ಥೆ ಆಗಿರುವುದಿಲ್ಲ, ಈ ಪುಟ್ಟ ಕಂಪನಿ ಆಗಿರುತ್ತದೆ. ಕಂಪನಿಗಳನ್ನು ನೋಂದಾಯಿಸುವ ಅಲ್ಲಿನ ಸರ್ಕಾರಿ ಕಚೇರಿ ಕಂಪನೀಸ್ ಹೌಸ್‌ನ ವೆಬ್‌ಸೈಟಿನಲ್ಲಿ ಆ ಹೆಸರು ಹಾಕಿ ಹುಡುಕಿ, ದುಡ್ಡು ಕೊಡಬೇಕಾಗಿಲ್ಲ. ಅದರ ನಿರ್ದೇಶಕ ಮಂಡಳಿಯಲ್ಲಿ ಯಾರಿದ್ದಾರೆ, ಆಸ್ತಿಯ ಮೇಲೆ ಯಾರ ಸಾಲ ಇದೆ ಅನ್ನುವುದು ಸಿಗುತ್ತದೆ. ಕಂಪನಿ ದಿವಾಳಿಯಾದರೆ ಅಡಮಾನ ಇಟ್ಟುಕೊಂಡವರು ನಿಮಗಿಂತ ಮುಂದೆ ನಿಲ್ಲುತ್ತಾರೆ, ನೀವು ಸಾಲಿನ ಕೊನೆಗೆ. ಅದಕ್ಕೇ ಈಗಲೇ ಕೇಳಬೇಕು. 10,000 ಪೌಂಡ್‌ವರೆಗಿನ ಬಾಕಿಗೆ ಇಂಗ್ಲೆಂಡಿನಲ್ಲಿ ಸ್ಮಾಲ್ ಕ್ಲೇಮ್ಸ್, ಅಂದರೆ ಸಣ್ಣ ಮೊತ್ತದ ದಾವೆಯ ದಾರಿ ಇದೆ, ಆನ್‌ಲೈನ್‌ನಲ್ಲೇ ದಾವೆ ಹೂಡಬಹುದು. ಮಾರನೇ ದಿನದ ಶೂಟಿಂಗ್ ವಿವರ ಬರೆದು ಪ್ರತಿ ಸಂಜೆ ನಿಮಗೆ ಕಳಿಸುವ ಕಾಲ್ ಶೀಟ್ ಒಂದನ್ನೂ ಅಳಿಸಬೇಡಿ. ಎಷ್ಟು ಗಂಟೆಗೆ ಕರೆದರು, ಯಾವ ಸೀನ್, ನಿಮ್ಮ ಪಾತ್ರಕ್ಕೆ ಕೊಟ್ಟಿರುವ ಸಂಖ್ಯೆ, ಎಲ್ಲ ಅದರಲ್ಲಿರುತ್ತದೆ. ನೀವು ಕೆಲಸ ಮಾಡಿದ್ದಕ್ಕೆ ಅದಕ್ಕಿಂತ ಒಳ್ಳೆಯ ದಾಖಲೆ ಇಲ್ಲ.

ಈಕ್ವಿಟಿ ಎನ್ನುವ ಕಲಾವಿದರ ಸಂಘ ಅಲ್ಲಿ 1930ರಿಂದ ಇದೆ. ನಿರ್ಮಾಪಕರ ಒಕ್ಕೂಟವಾದ ಪ್ಯಾಕ್ಟ್ ಜೊತೆ ಸಿನಿಮಾ ನಟರ ಬಗ್ಗೆ ಅವರ ಒಪ್ಪಂದವೂ ಇದೆ. ನಿಮ್ಮ ಕಾಂಟ್ರಾಕ್ಟ್ ಅದರ ಪ್ರಕಾರ ಇದೆಯೇ ಅಂತ ನೋಡಿ, ಸಂಘಕ್ಕೆ ಫೋನ್ ಮಾಡಿ. ಸೆಟ್ಟಿನಲ್ಲಿ ಜೊತೆ ನಟರನ್ನೂ ಮಾತಾಡಿಸಿ. ಬಾಕಿ ನಿಮಗೊಬ್ಬರಿಗೇ ಇರಲಾರದು. ಐದಾರು ಜನ ಒಟ್ಟಿಗೆ ಕೇಳಿದರೆ ಅದರ ತೂಕವೇ ಬೇರೆ. ಸಂಘದವರ ಹತ್ತಿರ ಮಾತಾಡುವವರೆಗೆ ರಾತ್ರೋರಾತ್ರಿ ಹೊರಟು ಬಿಡಬೇಡಿ. ಕರೆದ ಹೊತ್ತಿಗೆ ಹೋಗಿ, ಒಪ್ಪಿಕೊಂಡ ದೃಶ್ಯಗಳನ್ನು ಚೆನ್ನಾಗಿ ಮಾಡಿ. ಕಾಂಟ್ರಾಕ್ಟ್ ಮುರಿದವಳು ನೀವೇ ಅಂತ ಹೇಳಲು ಅವರಿಗೆ ದಾರಿ ಸಿಗಬಾರದು.

ಆಮೇಲೆ ನಿಮ್ಮ ಪ್ರಶ್ನೆ. ಪಾಸ್‌ಪೋರ್ಟ್ ಬಂತು, ಬಾಕಿಯಲ್ಲಿ ಒಂದು ಕಂತು ಬಂತು, ಆ ದೃಶ್ಯ ಕೈಬಿಟ್ಟರು ಅಂದರೆ ಇದ್ದು ಮುಗಿಸಿ. ಹೊರದೇಶದಲ್ಲಿ ಒಂದು ದೊಡ್ಡ ಪಾತ್ರ ಮುಗಿಸುವುದು ಸಣ್ಣ ವಿಷಯವಲ್ಲ, ಅದರ ಆಸೆ ಇರುವುದು ತಪ್ಪೂ ಅಲ್ಲ. ವಾರದೊಳಗೆ ಮೂರರಲ್ಲಿ ಒಂದೂ ಆಗಲಿಲ್ಲವೋ, ಸಂಘದ ಸಲಹೆ ಪಡೆದು, ಲಿಖಿತವಾಗಿ ತಿಳಿಸಿ, ಹೊರಡಿ. ಹೆಸರು ಹಾಳಾಗುತ್ತದೆ ಅನ್ನುವ ಮಾತಿಗೆ ಸೊಪ್ಪು ಹಾಕಬೇಡಿ. ನಿರ್ದೇಶಕರೇ ಬಿಟ್ಟುಹೋದ ಚಿತ್ರ ಅದು. ಅಲ್ಲಿ ಏನಾಗುತ್ತಿದೆ ಅಂತ ಕ್ಯಾಮೆರಾದವರಿಂದ ಹಿಡಿದು ಮೇಕಪ್‌ನವರವರೆಗೆ ಎಲ್ಲರಿಗೂ ಗೊತ್ತು. ನಾಳೆ ಬೇರೆ ಸೆಟ್ಟುಗಳಲ್ಲಿ ನಿಮ್ಮ ಬಗ್ಗೆ ಮಾತಾಡುವವರು ಅವರೇ.

ಅಕ್ಕನಿಗೆ ಇವತ್ತೇ ಹೇಳಿ. ಅಮ್ಮ ಗಾಬರಿಯಾಗುತ್ತಾರೆ ಅನ್ನಿಸಿದರೆ ಅವರಿಗೆ ಸ್ವಲ್ಪ ನಿಧಾನವಾಗಿ ಹೇಳಿದರಾಯಿತು. ಆದರೆ ನೀವಿರುವ ಜಾಗದ ವಿಳಾಸ, ಕಾಂಟ್ರಾಕ್ಟಿನ ಪ್ರತಿ, ನಿಮ್ಮ ಹತ್ತಿರ ಇದ್ದರೆ ಪಾಸ್‌ಪೋರ್ಟಿನ ಫೋಟೋ, ವಾಪಸ್ ಟಿಕೆಟ್ಟಿನ ವಿವರ, ಇಷ್ಟು ಮನೆಯಲ್ಲಿ ಒಬ್ಬರ ಹತ್ತಿರವಾದರೂ ಇರಲೇಬೇಕು. ಪ್ರೊಡಕ್ಷನ್ ಆಫೀಸಿಗೆ ಕಳಿಸುವ ಮೇಲ್‌ನ ಒಂದು ಪ್ರತಿಯನ್ನೂ ಅಕ್ಕನಿಗೆ ಕಳಿಸಿ.