ಗೊತ್ತಿಲ್ಲದ ಊರಲ್ಲಿ ಡಿಸೆಂಬರ್ 31: ಓದುಗರು ಕೇಳಿದ್ದಾರೆ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ್ದು. ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಹೊರದೇಶಕ್ಕೆ ಹೋಗಬೇಕು, ಹೊಸ ವರ್ಷವನ್ನು ಅಲ್ಲೇ ಬರಮಾಡಿಕೊಳ್ಳಬೇಕು. ವರ್ಷದ ಕೊನೆಗೆ ಬೆಂಗಳೂರಿಗೆ ಬೆಂಗಳೂರೇ ನಮ್ಮ ಚಿಕ್ಕಮಗಳೂರಿಗೆ ಬರುತ್ತದೆ. ಇಲ್ಲಿಯವರಿಗೆ ಬೇರೆ ಕಡೆ ಓಡಬೇಕು ಅನಿಸಿದರೆ ತಪ್ಪೇನಿಲ್ಲ ಬಿಡಿ. ಪ್ರಶ್ನೆಗಳಿಗೆ ಬರೋಣ.

ಪ್ರಶ್ನೆ: ನನ್ನದು ಹಾಸನ, ಕೆಲಸ ಬೆಂಗಳೂರಿನಲ್ಲಿ. ಡಿಸೆಂಬರ್ ಕೊನೆಗೆ ವಿಯೆಟ್ನಾಂಗೆ ಹೊರಟಿದ್ದೇನೆ. ಜೊತೆಗೆ ಬರುತ್ತೇವೆ ಅಂದಿದ್ದ ಗೆಳೆಯರು ಒಬ್ಬೊಬ್ಬರಾಗಿ ಕೈಕೊಟ್ಟರು. 31ರ ರಾತ್ರಿ ಹನೋಯ್‌ನಲ್ಲಿರುತ್ತೇನೆ. ಎಲ್ಲರೂ ಗುಂಪು ಕಟ್ಟಿಕೊಂಡು ಕುಣಿಯುವಾಗ ನಾನೊಬ್ಬನೇ ಫೋನ್ ನೋಡುತ್ತಾ ನಿಲ್ಲಬೇಕಾಗುತ್ತದಾ?
– ಓದುಗ, ಹಾಸನ

ಉತ್ತರ: ಅದು 31ನೇ ತಾರೀಖು ತೀರ್ಮಾನವಾಗುವ ವಿಷಯ ಅಲ್ಲ ತಮ್ಮಾ, 29ಕ್ಕೇ ಆಗಿಬಿಟ್ಟಿರುತ್ತದೆ. 31ರ ಸಂಜೆ ಬಂದು ಬ್ಯಾಗ್ ಇಳಿಸಿದವನಿಗೆ ಅಲ್ಲಿರುವ ಎಲ್ಲರೂ ಹೊಸಬರು. 29ಕ್ಕೆ ಬಂದವನು ಅಷ್ಟರಲ್ಲಿ ಎರಡು ಬೆಳಗ್ಗೆ ಅದೇ ಮೇಜಿನಲ್ಲಿ ತಿಂಡಿ ತಿಂದಿರುತ್ತಾನೆ. ಯಾರದೋ ಚಾರ್ಜರ್ ಕೇಳಿ ಪಡೆದಿರುತ್ತಾನೆ. ಇನ್ಯಾರಿಗೋ ಹತ್ತಿರದ ಎಟಿಎಂ ತೋರಿಸಿರುತ್ತಾನೆ. 31ರ ಸಂಜೆ ಅವರೇ ಬಂದು "ಹೊರಡೋಣವಾ?" ಅಂತ ಕೇಳುತ್ತಾರೆ. ಹಾಗಾಗಿ ಮೊದಲ ಮಾತು: ಹನೋಯ್‌ಗೆ ಎರಡು ದಿನ ಮುಂಚೆಯೇ ಹೋಗಿ, ಹಾಸ್ಟೆಲ್ ಬದಲಾಯಿಸಬೇಡಿ.

ಹಾಸ್ಟೆಲ್ ಅಂದ ಕೂಡಲೇ ನಮಗೆ ಬಿಸಿಎಂ ಹಾಸ್ಟೆಲ್ಲೇ ಕಣ್ಣಿಗೆ ಬರುವುದು. ಇದು ಬೇರೆ. ಒಂದು ಕೋಣೆಯಲ್ಲಿ ಆರೋ ಎಂಟೋ ಮಂಚ, ಒಂದರ ಮೇಲೊಂದು. ಬಾಡಿಗೆ ಕೋಣೆಗಲ್ಲ, ಹಾಸಿಗೆಗೆ. ಆಯ್ಕೆ ಮಾಡುವಾಗ ಈಜುಕೊಳ, ಮೇಲ್ಮಹಡಿಯ ಬಾರ್ ಎಲ್ಲ ನೋಡುತ್ತಾ ಕೂರಬೇಡಿ. ಎಲ್ಲರೂ ಕೂತು ಊಟ ಮಾಡುವ ಉದ್ದನೆ ಮೇಜು ಇದೆಯಾ, ಅತಿಥಿಗಳಿಗೆ ಬಿಟ್ಟುಕೊಡುವ ಅಡುಗೆಮನೆ ಇದೆಯಾ, ಅದನ್ನು ನೋಡಿ. ವಾರಕ್ಕೆ ಒಂದೆರಡು ಸಲ ಎಲ್ಲರೂ ಸೇರಿ ಅಡುಗೆ ಮಾಡುವ ಹಾಸ್ಟೆಲ್‌ಗಳಿವೆ. ಅಂಥದ್ದು ಸಿಕ್ಕರೆ ನೂರು ರೂಪಾಯಿ ಜಾಸ್ತಿ ಹೋದರೂ ಪರವಾಗಿಲ್ಲ. ವರ್ಷದ ಕೊನೆಯ ರಾತ್ರಿಗೆ ಬಾಡಿಗೆ ಏರುತ್ತದೆ. ಕೆಲವರು ಕನಿಷ್ಠ ಎರಡು ಮೂರು ರಾತ್ರಿ ಇರಲೇಬೇಕು ಅನ್ನುತ್ತಾರೆ. ಆದ್ದರಿಂದ ಈಗಲೇ ಕಾಯ್ದಿರಿಸಿ.

ಇನ್ನು ಆ ರಾತ್ರಿಯ ಮಜಾ ಹೇಳುತ್ತೇನೆ. ಹನೋಯ್ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ. ಸಿಡ್ನಿಯದ್ದು ಹನೋಯ್‌ಗಿಂತ ನಾಲ್ಕು ಗಂಟೆ ಮುಂದೆ. ಅಂದರೆ ರಾತ್ರಿ ಎಂಟಕ್ಕೇ ಮೇಜಿನ ಒಂದು ತುದಿಯಲ್ಲಿ ಆಸ್ಟ್ರೇಲಿಯಾದವರು ಎದ್ದು ಕೂಗಲು ಶುರು ಮಾಡುತ್ತಾರೆ, ಅವರ ಮನೆಯಲ್ಲಿ ಹೊಸ ವರ್ಷ ಬಂದಿರುತ್ತದೆ. ಹನ್ನೆರಡಕ್ಕೆ ಹನೋಯ್‌ನದ್ದು. ನಮ್ಮ ಹಾಸನದ ಹನ್ನೆರಡು ಗಂಟೆ ಅಲ್ಲಿಗೆ ಬರುವುದು ಒಂದೂವರೆಗೆ. ಜರ್ಮನಿಯವರು ಬೆಳಗ್ಗೆ ಆರರವರೆಗೆ ಕಾಯಬೇಕು, ಕಾಯುವವರೂ ಇರುತ್ತಾರೆ! ನಾನಿದ್ದ ಹಾಸ್ಟೆಲ್‌ನಲ್ಲಿ ಗೋಡೆಗೆ ಒಂದು ರಟ್ಟು ಅಂಟಿಸಿ ಯಾರ ಊರಿಗೆ ಎಷ್ಟು ಹೊತ್ತಿಗೆ ಹೊಸ ವರ್ಷ ಅಂತ ಎಲ್ಲರೂ ಬರೆದಿದ್ದೆವು. ನಾನು ಕನ್ನಡದಲ್ಲೇ 'ಚಿಕ್ಕಮಗಳೂರು, 1:30' ಅಂತ ಬರೆದೆ. ಆ ಹೊತ್ತಿಗೆ ಎಚ್ಚರ ಇದ್ದವರು ನಾಲ್ಕೈದು ಜನ. ಅವರೇ ಪಾತ್ರೆ ಬಡಿದು ಗಲಾಟೆ ಮಾಡಿದರು.

ಅದಕ್ಕೂ ಮೊದಲು, ಹನ್ನೆರಡಕ್ಕೆ, ದ್ರಾಕ್ಷಿ. ಸ್ಪೇನ್‌ನವರು ಮಧ್ಯರಾತ್ರಿಯ ಒಂದೊಂದು ಗಂಟೆ ಬಡಿತಕ್ಕೂ ಒಂದೊಂದು ದ್ರಾಕ್ಷಿ ಬಾಯಿಗೆ ಹಾಕಿಕೊಳ್ಳುತ್ತಾರೆ, ಒಟ್ಟು ಹನ್ನೆರಡು. ಹನೋಯ್‌ನಲ್ಲಿ ಗಂಟೆ ಎಲ್ಲಿಂದ ತರುವುದು? ಸ್ಪೇನ್‌ನ ಹುಡುಗಿಯೊಬ್ಬಳು ಕುರ್ಚಿ ಮೇಲೆ ನಿಂತು ಬಾಣಲೆ ಮುಚ್ಚಳಕ್ಕೆ ಸೌಟಿನಿಂದ ಬಡಿಯುತ್ತಿದ್ದಳು. ಪೇಟೆಯಲ್ಲಿ ಸಿಕ್ಕಿದ್ದು ಬೀಜದ ದ್ರಾಕ್ಷಿ. ಐದಾರರ ಹೊತ್ತಿಗೆ ಎಲ್ಲರ ಕೆನ್ನೆಯೂ ಉಬ್ಬಿತ್ತು. ಉಗುಳುವ ಹಾಗಿಲ್ಲ, ನುಂಗಲು ಪುರುಸೊತ್ತಿಲ್ಲ. ನಗು ಬಂದರೆ ಮುಗಿಯಿತು. ಕೊಲಂಬಿಯಾದಲ್ಲಿ ಇನ್ನೊಂದು ಪದ್ಧತಿ ಇದೆ. ವರ್ಷವಿಡೀ ತಿರುಗಾಟ ಸಿಗಲಿ ಅಂತ ಖಾಲಿ ಸೂಟ್‌ಕೇಸ್ ಹಿಡಿದು ಬೀದಿ ಸುತ್ತುವುದು. ಬ್ಯಾಗ್ ಹೊತ್ತು ತಿರುಗುವವರ ಗುಂಪಿಗೆ ಇದನ್ನು ಹೇಳಿ ನೋಡಿ, ಸುಮ್ನೆ ಕೂರುವವರು ಯಾರೂ ಇರುವುದಿಲ್ಲ.

ನೀವು ಬರಿಗೈಲಿ ಹೋಗಬೇಡಿ. ಎಳ್ಳು ಬೆಲ್ಲ ಒಯ್ಯಿರಿ. ಸಂಕ್ರಾಂತಿಗೆ ಇನ್ನೂ ಎರಡು ವಾರ ಇದೆ ಅಂತ ಅಲ್ಲಿ ಯಾರೂ ಜಗಳಕ್ಕೆ ಬರುವುದಿಲ್ಲ. ಕೊಬ್ಬರಿ, ಬೆಲ್ಲ ಸಣ್ಣಗೆ ಹೆಚ್ಚಿ, ಹುರಿಗಡಲೆ, ಎಳ್ಳು, ಹುರಿದ ಕಡ್ಲೆಬೀಜ ಸೇರಿಸಿ ಅಮ್ಮನ ಹತ್ತಿರ ಒಂದು ಡಬ್ಬಿ ಮಾಡಿಸಿಕೊಳ್ಳಿ. ತಿಂದು ಒಳ್ಳೆ ಮಾತಾಡಬೇಕು ಅಂತ ಹೇಳಿ ಕೊಟ್ಟರೆ ಮಾತು ತಾನಾಗಿಯೇ ಶುರುವಾಗುತ್ತದೆ. ಒಂದು ಎಚ್ಚರ ಮಾತ್ರ ಇರಲಿ. ಕೈಗೆ ಹಾಕುವ ಮೊದಲು ಕಡ್ಲೆಬೀಜ, ಎಳ್ಳು ಎರಡೂ ಇದೆ ಅಂತ ಬಾಯಿಬಿಟ್ಟು ಹೇಳಿ. ಇವುಗಳ ಅಲರ್ಜಿ ಇರುವವರಿಗೆ ಒಂದು ಕಾಳು ಸಾಕು, ಉಸಿರಾಟಕ್ಕೇ ತೊಂದರೆ ಆಗಬಹುದು. ನಮ್ಮ ಕಡೆ ಇದನ್ನು ಕೇಳುವ ಅಭ್ಯಾಸ ಇಲ್ಲ ನೋಡಿ.

ಹೊರಗೆ ಹೋಗುವುದಾದರೆ ಹೋಆನ್ ಕಿಯೆಮ್ ಕೆರೆಯ ಸುತ್ತಮುತ್ತ ಜನಸಾಗರ ಇರುತ್ತದೆ. ಸ್ವೆಟರ್ ಬೇಕು, ಡಿಸೆಂಬರ್ ಹನೋಯ್‌ಗೆ ಚಳಿಗಾಲ.

ವೀಸಾ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ವಿಯೆಟ್ನಾಂ ಇ-ವೀಸಾ 2023ರ ಆಗಸ್ಟ್‌ನಿಂದ 90 ದಿನಗಳವರೆಗೆ ಸಿಗುತ್ತದೆ. ಒಂದು ಸಲದ ಪ್ರವೇಶಕ್ಕೆ 25 ಡಾಲರ್. ಅಲ್ಲಿನ ಸರ್ಕಾರದ ವೆಬ್‌ಸೈಟ್‌ನಲ್ಲೇ ಅರ್ಜಿ ಹಾಕಿ. ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೆಯೇ ಇರಬೇಕು. ಸರ್‌ನೇಮ್ ಜಾಗ ಖಾಲಿ ಬಿಟ್ಟು ಪಾಸ್‌ಪೋರ್ಟ್ ಮಾಡಿಸಿದವರು ನಮ್ಮ ಕಡೆ ಬಹಳ. ಅವರು ವೀಸಾ, ಟಿಕೆಟ್ ಎರಡರಲ್ಲೂ ಹೆಸರು ತಾಳೆಯಾಗುತ್ತದಾ ಅಂತ ಎರಡೆರಡು ಸಲ ನೋಡಬೇಕು. ಜನವರಿ 1 ಅಲ್ಲಿಯೂ ಸರ್ಕಾರಿ ರಜೆ, ಕೊನೆ ಗಳಿಗೆಗೆ ಇಟ್ಟುಕೊಳ್ಳಬೇಡಿ.

ಪ್ರಶ್ನೆ: ನನ್ನ ಮಗಳಿಗೆ 24 ವರ್ಷ. ಹೊಸ ವರ್ಷಕ್ಕೆ ಥಾಯ್ಲೆಂಡ್‌ಗೆ ಒಬ್ಬಳೇ ಹೋಗುತ್ತಾಳಂತೆ. ಹಾಸ್ಟೆಲ್‌ನಲ್ಲಿ ಗಂಡು ಹೆಣ್ಣು ಒಂದೇ ರೂಮಿನಲ್ಲಿ ಮಲಗುತ್ತಾರೆ ಅಂತ ಯಾರೋ ಹೇಳಿದರು. ನಮ್ಮ ಯಜಮಾನರಿಗೆ ಇನ್ನೂ ತಿಳಿಸಿಲ್ಲ. ಏನು ಮಾಡಲಿ?
– ಒಬ್ಬ ತಾಯಿ, ಕಡೂರು

ಉತ್ತರ: ಅಕ್ಕಾ, ಯಾರೋ ಹೇಳಿದ್ದು ಅರ್ಧ ಸತ್ಯ. ಅಂಥ ಕೋಣೆಗಳೂ ಇವೆ, ಹೆಂಗಸರಿಗೇ ಮೀಸಲಾದ ಕೋಣೆಗಳೂ ಇವೆ. ಎರಡನೆಯದನ್ನು ಬುಕ್ ಮಾಡಲು ಹೇಳಿ. "ಹೋಗಬೇಡ" ಅನ್ನುವ ಬದಲು ಕೂತು ಇಷ್ಟು ಕೇಳಿ: ರಿಸೆಪ್ಷನ್‌ನಲ್ಲಿ ಇಡೀ ರಾತ್ರಿ ಜನ ಇರುತ್ತಾರಾ? ಮಂಚಕ್ಕೆ ಪರದೆ ಇದೆಯಾ? ಬ್ಯಾಗ್ ಹಿಡಿಸುವಷ್ಟು ದೊಡ್ಡ ಲಾಕರ್ ಇದೆಯಾ? ಬೀಗ ಮನೆಯಿಂದಲೇ ಒಯ್ಯಬೇಕು, ಬಹಳ ಕಡೆ ಲಾಕರ್ ಕೊಡುತ್ತಾರೆ, ಬೀಗ ಕೊಡುವುದಿಲ್ಲ.

31ರ ರಾತ್ರಿ ಮಾತ್ರ ಸ್ವಲ್ಪ ಬೇರೆ. ಚಿಯಾಂಗ್ ಮಾಯ್ ಊರಾದರೆ ಜನವೆಲ್ಲ ಹಳೆ ಕೋಟೆಯ ಥಾ ಫೇ ಬಾಗಿಲಿನ ಹತ್ತಿರ ಸೇರುತ್ತಾರೆ. ಚೆನ್ನಾಗಿರುತ್ತದೆ. ಆದರೆ ಮಧ್ಯರಾತ್ರಿ ಕಳೆದ ಮೇಲೆ ಬಾಡಿಗೆ ಗಾಡಿ ಸಿಗುವುದು ಕಷ್ಟ, ಸಿಕ್ಕರೂ ಬಾಯಿಗೆ ಬಂದ ರೇಟು. ನಡೆದು ವಾಪಸಾಗುವಷ್ಟು ಹತ್ತಿರದಲ್ಲಿ ಹಾಸ್ಟೆಲ್ ಇರಬೇಕು. ಅದೇ ಕೋಣೆಯ ಇಬ್ಬರು ಮೂವರು ಹುಡುಗಿಯರ ಜೊತೆ ಹೋಗಿ ಅವರ ಜೊತೆಯಲ್ಲೇ ಬರಬೇಕು. ಲೋಟ ಕೆಳಗಿಟ್ಟು ಎಲ್ಲಾದರೂ ಹೋಗಿ ಬಂದರೆ ಅದನ್ನು ಮತ್ತೆ ಕುಡಿಯಬಾರದು, ಜ್ಯೂಸ್ ಆದರೂ ಅಷ್ಟೇ.

ಹನ್ನೆರಡು ಗಂಟೆಗೆ ಸರಿಯಾಗಿ ಫೋನ್ ಮಾಡಲು ಹೇಳಬೇಡಿ. ಆ ಗುಂಪಿನಲ್ಲಿ ನೆಟ್‌ವರ್ಕ್ ಸಿಗದಿದ್ದರೆ ನೀವು ಇಲ್ಲಿ ನಿದ್ದೆಗೆಡುತ್ತೀರಿ. ಹಾಸ್ಟೆಲ್‌ಗೆ ವಾಪಸ್ ಬಂದ ಮೇಲೆ ಒಂದು ಮೆಸೇಜ್ ಹಾಕಿದರೆ ಸಾಕು. ಯಜಮಾನರಿಗೆ ಈಗಲೇ ಹೇಳಿಬಿಡಿ. ಹೊರಡುವ ಹಿಂದಿನ ದಿನ ಗೊತ್ತಾದರೆ ಜಗಳ ಅವಳ ಮೇಲಲ್ಲ, ನಿಮ್ಮ ಮೇಲೆ.

ಪ್ರಶ್ನೆ: ಕಾಫಿ ಕುಯ್ಲಿನ ಹೊತ್ತಲ್ಲೇ ಮಗ ಹೊರಟು ನಿಂತಿದ್ದಾನೆ. ಆಳು ಸಿಗುತ್ತಿಲ್ಲ, ಕಣ ನೋಡುವವರು ಯಾರು? ಇವನಿಗೆ ಬುದ್ಧಿ ಹೇಳಿ ಮೇಡಂ.
– ಬೆಳೆಗಾರ, ಮೂಡಿಗೆರೆ

ಉತ್ತರ: ಬುದ್ಧಿ ಹೇಳುವ ಕೆಲಸ ನಿಮ್ಮದೇ ಸಾರ್, ನಾನು ತಾರೀಖು ಹೇಳುತ್ತೇನೆ. ಏಪ್ರಿಲ್ 13ರಿಂದ 15. ಥಾಯ್ಲೆಂಡ್‌ನ ಸಾಂಗ್‌ಕ್ರಾನ್, ಅವರ ಹಳೆಯ ಹೊಸ ವರ್ಷ. ಕರಾವಳಿಯವರ ಬಿಸು ಬರುವುದೂ ಅದೇ ದಿನಗಳಲ್ಲಿ. ಹಿರಿಯರ ಕೈಗೆ ನೀರು ಹಾಕಿ ಆಶೀರ್ವಾದ ಕೇಳುತ್ತಾರೆ, ಆಮೇಲೆ ಬೀದಿಯಲ್ಲಿ ಕಂಡವರಿಗೆಲ್ಲ ನೀರು ಎರಚುತ್ತಾರೆ. 2023ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಅಷ್ಟು ಹೊತ್ತಿಗೆ ನಿಮ್ಮ ಅರೇಬಿಕಾ, ರೋಬಸ್ಟಾ ಎರಡರ ಕುಯ್ಲೂ ಮುಗಿದಿರುತ್ತದೆ, ಗಿಡ ಹೂ ಬಿಡಲು ಬೇಕಾದ ನೀರು ಹೂಮಳೆಯಿಂದಲೋ ಸ್ಪ್ರಿಂಕ್ಲರ್‌ನಿಂದಲೋ ಸಿಕ್ಕಿರುತ್ತದೆ. ಬ್ಯಾಗ್ ಹೊತ್ತು ತಿರುಗುವವರಿಗೆ ಡಿಸೆಂಬರ್‌ಗಿಂತ ಇದೇ ಜಾಸ್ತಿ ಮಜಾ, ಯಾಕೆಂದರೆ ಊರಿನವರೂ ಜೊತೆಗಿರುತ್ತಾರೆ.

ಅವನು ಡಿಸೆಂಬರ್‌ಗೇ ಹಟ ಹಿಡಿದರೆ ವಿಯೆಟ್ನಾಂನ ಡಾಕ್ ಲಾಕ್ ಕಡೆ ಕಳಿಸಿ. ಕಾಫಿ ಬೆಳೆಯುವುದರಲ್ಲಿ ಬ್ರೆಜಿಲ್ ಬಿಟ್ಟರೆ ವಿಯೆಟ್ನಾಂ, ಅದರಲ್ಲೂ ಬಹುಪಾಲು ರೋಬಸ್ಟಾ. ಆ ಹೊತ್ತಿಗೆ ಅಲ್ಲಿಯೂ ಕುಯ್ಲು. ಮನೆ ಕಣ ಬಿಟ್ಟು ಬೇರೆಯವರ ಕಣ ನೋಡಿ ಬರಲಿ!

ಪ್ರಶ್ನೆ: ನಾನು ಕುಡಿಯುವುದಿಲ್ಲ, ಮಾಂಸ ತಿನ್ನುವುದಿಲ್ಲ. ಇಂಥವರಿಗೆ ವಿಯೆಟ್ನಾಂನಲ್ಲಿ ಹೊಸ ವರ್ಷದ ಪಾರ್ಟಿ ಅಂದರೆ ಉಪವಾಸವೇ ಅಲ್ವಾ?
– ಓದುಗಿ, ಬೇಲೂರು

ಉತ್ತರ: ಕುಡಿಯದಿದ್ದರೆ ಯಾರೂ ಬಲವಂತ ಮಾಡುವುದಿಲ್ಲ, ನಮ್ಮ ನೆಂಟರಷ್ಟು ಖಂಡಿತ ಇಲ್ಲ. ಊಟಕ್ಕೆ 'ಕಾಮ್ ಚಾಯ್' ಅಂತ ಬೋರ್ಡ್ ಹುಡುಕಿ, ಅದು ಸಸ್ಯಾಹಾರಿ ಊಟದ ಹೋಟೆಲ್. ಹುಣ್ಣಿಮೆಗೂ ಚಾಂದ್ರಮಾಸದ ಮೊದಲ ದಿನಕ್ಕೂ ಅಲ್ಲಿನ ಬೌದ್ಧರು ಬಹಳ ಜನ ಮಾಂಸ ಬಿಡುತ್ತಾರೆ, ಹಾಗಾಗಿ ಇಂಥ ಹೋಟೆಲ್‌ಗಳಿಗೆ ಬರ ಇಲ್ಲ. ಬೇರೆ ಕಡೆ ತರಕಾರಿ ಪಲ್ಯ ಅಂತ ಕೊಟ್ಟರೂ ಮೀನಿನ ಸಾಸ್ ಬಿದ್ದಿರುತ್ತದೆ, ಕೇಳಿಯೇ ತಿನ್ನಿ. ಅದಕ್ಕೇ ಅಡುಗೆಮನೆ ಇರುವ ಹಾಸ್ಟೆಲ್ ಅಂದಿದ್ದು. ಒಂದು ಬಾಣಲೆ ಚಿತ್ರಾನ್ನ ಕಲಸಿ ಮೇಜಿನ ಮೇಲಿಟ್ಟರೆ ಪಾರ್ಟಿ ನಿಮ್ಮ ಸುತ್ತಲೇ ಆಗುತ್ತದೆ. ಒಗ್ಗರಣೆ ಸಾಮಾನು ಒಯ್ಯಿರಿ, ಕರಿಬೇವಿಗೆ ಪರದಾಡಬೇಡಿ.

ಕಾಫಿ ಪುಡಿಯನ್ನೂ ಒಯ್ಯಬಹುದು. ಅಲ್ಲಿನ 'ಫಿನ್' ನಮ್ಮ ಫಿಲ್ಟರ್‌ನ ಒಂದೇ ಲೋಟದ ತಮ್ಮ. ಹನೋಯ್‌ನ ಹೆಸರುವಾಸಿ ಮೊಟ್ಟೆ ಕಾಫಿ ನಿಮಗೆ ಬೇಡ ಬಿಡಿ.

ಪ್ರಶ್ನೆ: ನಾನು ವಿದ್ಯಾರ್ಥಿ. ಪಾಸ್‌ಪೋರ್ಟ್ ಇನ್ನೂ ಮಾಡಿಸಿಲ್ಲ, ದುಡ್ಡೂ ಕಮ್ಮಿ. ಹೊಸ ವರ್ಷಕ್ಕೆ ಹೊರದೇಶ ಅನ್ನುವುದು ಕನಸೇ?
– ಓದುಗ, ಅರಸೀಕೆರೆ

ಉತ್ತರ: ನೇಪಾಳಕ್ಕೆ ಹೋಗಿ. ಭಾರತೀಯರಿಗೆ ವೀಸಾ ಬೇಡ, ಪಾಸ್‌ಪೋರ್ಟ್ ಇಲ್ಲದಿದ್ದರೆ ವೋಟರ್ ಐಡಿ ನಡೆಯುತ್ತದೆ. ಮೂಲ ಕಾರ್ಡೇ ಇರಲಿ, ಜೆರಾಕ್ಸ್ ಸಾಲದು. ನಿಮ್ಮ ವಯಸ್ಸಿನವರಿಗೆ ಆಧಾರ್ ಆಗುವುದಿಲ್ಲ. ಗೋರಖ್‌ಪುರದವರೆಗೆ ರೈಲು, ಅಲ್ಲಿಂದ ಸುನೌಲಿ ಗಡಿಗೆ ಬಸ್, ಗಡಿ ದಾಟಿ ಇನ್ನೊಂದು ಬಸ್ ಹಿಡಿದರೆ ಪೋಖರಾ. ಮೈಕೈ ನೋಯುತ್ತದೆ, ಜೇಬು ನೋಯುವುದಿಲ್ಲ. ನಮ್ಮ ನೂರು ರೂಪಾಯಿ ಅಲ್ಲಿ 160. ವರ್ಷದ ಕೊನೆಯ ದಿನಗಳಲ್ಲಿ ಪೋಖರಾದ ಫೇವಾ ಕೆರೆಯ ಪಕ್ಕದ ರಸ್ತೆಯಲ್ಲಿ ಗಾಡಿ ಓಡಾಟ ನಿಲ್ಲಿಸಿ ಬೀದಿ ಹಬ್ಬ ಮಾಡುತ್ತಾರೆ. ಊಟದ ಅಂಗಡಿ, ಕುಣಿತ, ಹಾಡು ಎಲ್ಲ ಇರುತ್ತದೆ. ನೇಪಾಳದ ಗಡಿಯಾರ ನಮಗಿಂತ ಕಾಲು ಗಂಟೆ ಮುಂದೆ. ಅಲ್ಲಿ ಹ್ಯಾಪಿ ನ್ಯೂ ಇಯರ್ ಹೇಳಿ, ಅರಸೀಕೆರೆಯವರಿಗೆ ಹನ್ನೆರಡು ಆಗುವಷ್ಟರಲ್ಲಿ ಒಂದು ಪ್ಲೇಟ್ ಮೊಮೊ ತಿಂದು ಮುಗಿಸಬಹುದು.

ಪ್ರಶ್ನೆ: ವಿಯೆಟ್ನಾಂನಲ್ಲಿ ಸ್ಕೂಟರ್ ಬಾಡಿಗೆಗೆ ತೆಗೆದುಕೊಳ್ಳಬಹುದಾ?
– ಓದುಗ, ತರೀಕೆರೆ

ಉತ್ತರ: 31ರ ರಾತ್ರಿ ಬೇಡವೇ ಬೇಡ. ವಿಯೆಟ್ನಾಂನಲ್ಲಿ ಕುಡಿದು ಓಡಿಸುವವರಿಗೆ ಒಂದು ಬಿಯರ್‌ನಷ್ಟೂ ವಿನಾಯಿತಿ ಇಲ್ಲ, ಮಿತಿ ಸೊನ್ನೆ. ನೀವು ಕುಡಿಯದಿದ್ದರೂ ನಿಮ್ಮ ಲೈಸೆನ್ಸ್ ಅಲ್ಲಿ ಚಾಲ್ತಿ ಇಲ್ಲದಿದ್ದರೆ ಬಿದ್ದಾಗ ಇನ್ಶೂರೆನ್ಸ್ ಕಂಪನಿ ಕೈ ತೊಳೆದುಕೊಳ್ಳುತ್ತದೆ. ಬಾಡಿಗೆ ಕೊಡುವವನು ಲೈಸೆನ್ಸ್ ಕೇಳದೆ ಕೀ ಕೊಡುತ್ತಾನೆ, ಅದನ್ನೇ ಒಪ್ಪಿಗೆ ಅಂದುಕೊಳ್ಳಬೇಡಿ.

ಪ್ರಶ್ನೆ: ವಿಯೆಟ್ನಾಂನವರದ್ದೇ ಹೊಸ ವರ್ಷ ಟೆಟ್. ಡಿಸೆಂಬರ್ ಬಿಟ್ಟು ಅದಕ್ಕೇ ಹೋದರೆ ಹೇಗೆ?
– ಓದುಗಿ, ಸಕಲೇಶಪುರ

ಉತ್ತರ: ಟೆಟ್ ಮನೆಮಂದಿಯ ಹಬ್ಬ, ನಮ್ಮ ಯುಗಾದಿ ದೀಪಾವಳಿ ಸೇರಿಸಿದ ಹಾಗೆ. ಎಲ್ಲರೂ ಊರಿಗೆ ಹೊರಡುತ್ತಾರೆ, ಬಸ್ಸು ರೈಲು ಭರ್ತಿ, ಅಂಗಡಿ ಹೋಟೆಲ್ ಬಹಳಷ್ಟು ಬಾಗಿಲು ಹಾಕಿರುತ್ತವೆ. ವರ್ಷದ ಮೊದಲ ದಿನ ಮನೆಗೆ ಮೊದಲು ಕಾಲಿಡುವವರಿಂದ ಆ ವರ್ಷದ ಅದೃಷ್ಟ ಅಂತ ನಂಬಿಕೆ, ಹಾಗಾಗಿ ಕರೆಯದೆ ಯಾರ ಮನೆಗೂ ನುಗ್ಗಬೇಡಿ. 2027ರಲ್ಲಿ ಟೆಟ್ ಬರುವುದು ಫೆಬ್ರವರಿ 6ಕ್ಕೆ. ಒಂದು ವಾರ ಮುಂಚೆ ಹೋಗಿ ಹೂವಿನ ಮಾರುಕಟ್ಟೆ ನೋಡಿ. ಹಬ್ಬದ ನಾಲ್ಕು ದಿನ ಊರು ಬದಲಾಯಿಸದೆ ಒಂದೇ ಕಡೆ ಇರಿ. ಹಾಸ್ಟೆಲ್ ತೆರೆದಿರುತ್ತದಾ, ಊಟ ಕೊಡುತ್ತಾರಾ ಅಂತ ಮೊದಲೇ ಬರೆದು ಕೇಳಿಕೊಳ್ಳಿ.