ಹೊಸದಾಗಿ ಡಿಸ್ಕ್ ಗಾಲ್ಫ್ (ತಟ್ಟೆಯಂಥ ಡಿಸ್ಕ್ ಎಸೆದು ಬುಟ್ಟಿಗೆ ಬೀಳಿಸುವ ಆಟ) ಆಡುವವರು ಯಾವ ಡಿಸ್ಕ್ ಕೊಳ್ಳಬೇಕು? ಕಲಬುರಗಿಯ ಮೈದಾನದಲ್ಲಿ ಬಲಗೈಯಿಂದ ಎಸೆಯುತ್ತೇನೆ; ನನ್ನ ಡ್ರೈವರ್ (ದೂರಕ್ಕೆ ಎಸೆಯುವ ಡಿಸ್ಕ್) ಪ್ರತಿ ಸಲ ಎಡಕ್ಕೇ ಏಕೆ ಬೀಳುತ್ತದೆ?

ಸದ್ಯಕ್ಕೆ ಡ್ರೈವರ್ ಬದಿಗಿಡಿ. ಹತ್ತಿರದಿಂದ ಬುಟ್ಟಿಗೆ ಎಸೆಯುವ ಒಂದು ಪಟರ್, ಮಧ್ಯಮ ದೂರಕ್ಕೆ ಎಸೆಯುವ ಒಂದು ಮಿಡ್‌ರೇಂಜ್ ಸಾಕು. ಕಲಬುರಗಿಯ ಮೈದಾನದಲ್ಲಿ ಬಲಗೈಯಿಂದ ಎಸೆಯುತ್ತೇನೆ ಎಂದಿದ್ದೀರಿ. ಎದೆಯ ಮುಂದಿನಿಂದ ಕೈ ಎಳೆದು ಹಾಗೆ ಎಸೆದ ಡಿಸ್ಕ್, ವೇಗ ತಗ್ಗಿದಂತೆ ಎಡಕ್ಕೆ ವಾಲುವುದು ಸಹಜ. ಅಗಲ ಅಂಚಿನ, ಚೂಪು ಮೂತಿಯ ಡ್ರೈವರ್ ನೇರವಾಗಿ ಹಾರಲು ಬಹಳ ವೇಗ ಬೇಕು. ಹೊಸಬರ ತೋಳಿಗೆ ಅಷ್ಟು ವೇಗ ಇನ್ನೂ ಬಂದಿರುವುದಿಲ್ಲ, ಹೀಗಾಗಿ ಕೈಬಿಟ್ಟ ಸ್ವಲ್ಪ ಹೊತ್ತಿಗೇ ವಾಲಿಕೆ ಶುರುವಾಗುತ್ತದೆ.

ಡಿಸ್ಕ್ ಮೇಲೆ ಸಾಮಾನ್ಯವಾಗಿ ನಾಲ್ಕು ಅಂಕಿಗಳಿರುತ್ತವೆ: ವೇಗ, ತೇಲುವಿಕೆ, ಆರಂಭದ ತಿರುವು, ಕೊನೆಯ ವಾಲಿಕೆ. ವೇಗ 5 ಅಥವಾ ಅದಕ್ಕಿಂತ ಕಡಿಮೆ, ತಿರುವು 0 ಅಥವಾ −1, ವಾಲಿಕೆ 0 ಅಥವಾ 1 ಇರುವುದನ್ನು ಆರಿಸಿ. ತೇಲುವಿಕೆ ಹೆಚ್ಚಿದ್ದಷ್ಟೂ ಒಳ್ಳೆಯದು.

ತೂಕ 150ರಿಂದ 165 ಗ್ರಾಂ ಇದ್ದರೆ ಕಡಿಮೆ ಬಲಕ್ಕೂ ಡಿಸ್ಕ್ ಚೆನ್ನಾಗಿ ಓಡುತ್ತದೆ. ಆದರೆ ನಮ್ಮ ಬಯಲುಸೀಮೆಯ ಆಷಾಢದ ಗಾಳಿಗೆ ಎದುರಾಗಿ ಎಸೆದರೆ ಹಗುರವಾದದ್ದು ಬಲಕ್ಕೆ ಮಗುಚಿಕೊಳ್ಳುತ್ತದೆ. ಆ ದಿನಗಳಲ್ಲಿ ಗಾಳಿ ಏಳುವ ಮೊದಲೇ, ಮುಂಜಾನೆ ಅಭ್ಯಾಸ ಮಾಡಿ. ಇಲ್ಲವೇ 170 ಗ್ರಾಂ ಮೀರಿದ ಪಟರ್ ಬಳಸಿ.